ರಾಜನಿಗೆ ಕಟ್ಟಿದ ಗಾಳದ ದಾರ

ಕಿರ್ರ್... ಟಕ್. ಕಿರ್ರ್... ಟಕ್.

ಆ ಸದ್ದನ್ನು ನಾನು ಮೊದಲು ಕೇಳಿದ್ದು ಫೋನಿನಲ್ಲಿ. ಟೆಕ್ಸಸ್‌ನ ಮರ್ಫಿ ಎಂಬ ಊರಿನ ನಮ್ಮ ಅಡುಗೆಮನೆಯಲ್ಲಿ ನಿಂತು ತಂಗಿಯ ಜೊತೆ ಮಾತಾಡುತ್ತಿದ್ದೆ. ಅವಳ ಮಾತಿನ ಹಿಂದೆ, ಯಾರೋ ತುಕ್ಕು ಹಿಡಿದ ಗೇಟನ್ನು ಸಾವಕಾಶವಾಗಿ ತೆಗೆದು ಹಾಕುತ್ತಿರುವ ಹಾಗೆ ಕೇಳಿಸುತ್ತಿತ್ತು.

"ಅದೇನೇ ಸದ್ದು? ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡಬಾರದಾ?" ಅಂದೆ.

"ಬಾಗಿಲಲ್ಲ ಕಣೆ ಅಕ್ಕ, ನಮ್ಮ ಬೀದಿ. ಬೀದಿ ಅಲ್ಲಾಡ್ತಿದೆ," ಅಂದಳು.

ನನ್ನ ತಂಗಿ ನೀರಿನ ಮೇಲೆ ವಾಸವಾಗಿದ್ದಳು. ಆಸ್ಟಿನ್‌ನ ಪಶ್ಚಿಮಕ್ಕೆ, ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ದೊಡ್ಡ ಸಿಹಿನೀರಿನ ಸರೋವರವಿದೆ. ಅದರ ಒಂದು ಮೂಲೆಯಲ್ಲಿ, ಸುಣ್ಣಕಲ್ಲಿನ ಗುಡ್ಡಗಳ ಮರೆಯಲ್ಲಿ, ನಲವತ್ತು ಚಿಲ್ಲರೆ ಹೌಸ್‌ಬೋಟುಗಳು ಎರಡು ಸಾಲಾಗಿ ಎದುರುಬದುರು ನಿಂತಿದ್ದವು. ನಡುವೆ ತೇಲುವ ಕಾಲುದಾರಿ. ಅದರ ತುಂಡುತುಂಡುಗಳನ್ನು ಕಬ್ಬಿಣದ ಕೀಲುಗಳಿಂದ ಜೋಡಿಸಿದ್ದರಿಂದ ದೂರದಲ್ಲಿ ಒಂದು ದೋಣಿ ಹಾದುಹೋದರೂ ಇಡೀ ಬೀದಿ ಕಿರ್ರ್ ಎನ್ನುತ್ತಿತ್ತು. ಅಲ್ಲಿಯವರು ಅದನ್ನು ವಿಲೇಜ್ ಎಂದು ಕರೆಯುತ್ತಿದ್ದರು. ತಂಗಿ ಮಾತ್ರ "ನಮ್ಮ ವಠಾರ" ಎನ್ನುತ್ತಿದ್ದಳು. ಅವಳು ಹಾಗೆ ಅಂದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ.

ಬೋಟು ಅವಳ ಗಂಡನ ಹುಚ್ಚು. ಆಸ್ಟಿನ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ವಾರವೆಲ್ಲ ಬಿಳಿ ಸೂಟಿನೊಳಗೆ ಮುಖ ಮುಚ್ಚಿಕೊಂಡು ಕೆಲಸ ಮಾಡಿ, ಶನಿವಾರ ಬಂತೆಂದರೆ ಗಾಳ ಹಿಡಿದು ಕೂರುತ್ತಿದ್ದ ಮನುಷ್ಯ. ಮೀನು ತಿನ್ನುವವನಲ್ಲ, ಹಿಡಿದು, ಒಮ್ಮೆ ನೋಡಿ, ಮತ್ತೆ ನೀರಿಗೇ ಬಿಡುತ್ತಿದ್ದ. ಅವನು ತೀರಿಹೋದ ಮೇಲೆ ತಂಗಿ ಆಸ್ಟಿನ್‌ನ ಮನೆ ಮಾರಿ ಬೋಟಿಗೆ ಶಿಫ್ಟ್ ಆದಳು. ನಮ್ಮ ಜನ ಎಲ್ಲರೂ "ಪಾಪ" ಅಂದರು. ನಾನೂ ಅಂದೆ. ನಿಜ ಹೇಳಬೇಕೆಂದರೆ, ನಾನು ಅಂದ ಪಾಪದಲ್ಲಿ ಕರುಣೆ ಇರಲಿಲ್ಲ. ಕೊನೆಗೂ ಅವಳು ನನಗಿಂತ ಒಂದು ಮೆಟ್ಟಿಲು ಕೆಳಗಿಳಿದಳು ಎಂಬ ಸಮಾಧಾನವಿತ್ತು. ಆ ಸಮಾಧಾನ ಒಂದು ತಿಂಗಳೂ ಬಾಳಲಿಲ್ಲ. ಫೋನು ಮಾಡಿದಾಗಲೆಲ್ಲ ಅವಳಿಗೆ ಬಿಡುವಿರುತ್ತಿರಲಿಲ್ಲ. "ಆಮೇಲೆ ಮಾಡ್ತೀನಿ ಅಕ್ಕ, ಎದುರುಮನೆಯವಳು ಬಂದಿದಾಳೆ." "ಈಗ ಬೇಡ ಅಕ್ಕ, ಎಲ್ಲಾರೂ ಸೇರಿ ಹಗ್ಗ ಎಳೀತಿದೀವಿ."

ನಾನಿರುವುದು ಮಗಳು ಅಳಿಯನ ಜೊತೆ. ಐದು ಬೆಡ್‌ರೂಮಿನ ಮನೆ. ಅಳಿಯ ಲಾಸ್ ಕೊಲಿನಾಸ್‌ನ ಆಫೀಸಿಗೆ ಹೋದರೆ ಮಗಳು ಮೇಲಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾಳೆ. ಇಬ್ಬರೂ ಒಳ್ಳೆಯವರು, ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ನಮ್ಮ ಬಾಗಿಲ ಮುಂದೆ ನಿಂತು "ಏನ್ರೀ, ಸಕ್ಕರೆ ಇದೆಯಾ" ಎಂದು ಕೇಳಿದವರು ಒಬ್ಬರೂ ಇಲ್ಲ. ಬರುವುದು ಪಾರ್ಸೆಲ್ಲು ಮಾತ್ರ.

ಈಗ ಗೊಂಬೆಯ ವಿಷಯಕ್ಕೆ ಬರುತ್ತೇನೆ. ನಾನು ಆ ತೇಲುವ ಹಳ್ಳಿಗೆ ಹೋದದ್ದೇ ಅದಕ್ಕಾಗಿ.

ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ ಮತ್ತು ರಾಣಿ, ಒಂದು ಗೇಣಿಗಿಂತ ತುಸು ಎತ್ತರ, ರಕ್ತಚಂದನದ್ದು. ಅಜ್ಜಿಯಿಂದ ಅಮ್ಮನಿಗೆ ಬಂದದ್ದು. ಹಾಗೆ ಕೊಡುವಾಗ ರಾಜನ ಅಡಿಯಲ್ಲಿ, ಪಡೆಯುವವಳ ಹೆಸರಿನ ಮೊದಲಕ್ಷರವನ್ನು ಕಾಯಿಸಿದ ಸೂಜಿಯಿಂದ ಕೊರೆಯುವುದು ನಮ್ಮ ಮನೆಯ ಪದ್ಧತಿ. ಅಸಲಿ ರಕ್ತಚಂದನ ನೀರಿನಲ್ಲಿ ತೇಲುವುದಿಲ್ಲ, ಕಲ್ಲಿನ ಹಾಗೆ ಮುಳುಗುತ್ತದೆ ಎಂದು ಅಮ್ಮ ಜಂಬ ಕೊಚ್ಚುತ್ತಿದ್ದಳು. ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ದೊಡ್ಡವಳಾದ ನನ್ನನ್ನು ಅಪ್ಪ ಕಾನ್ವೆಂಟಿಗೆ ಹಾಕಿದರು. ತಂಗಿಯ ಹೊತ್ತಿಗೆ ಅವರ ಉತ್ಸಾಹ ಇಳಿದಿತ್ತು. ಅವಳು ಬೀದಿಯ ಕೊನೆಯ ಸರ್ಕಾರಿ ಕನ್ನಡ ಶಾಲೆಗೆ ಹೋದಳು. ಮದುವೆ ಗೊತ್ತಾದಾಗ ಅಮ್ಮ ಪಟ್ಟದ ಗೊಂಬೆ ತಂದು ನನ್ನ ಮುಂದಿಟ್ಟಳು. ನಾನಾಗ ನ್ಯಾಪ್ಕಿನ್ ಮಡಿಸುವುದನ್ನೂ, ಸೂಪನ್ನು ಸದ್ದಾಗದಂತೆ ಕುಡಿಯುವುದನ್ನೂ ಕಲಿತು ಬಂದಿದ್ದವಳು. "ಅಯ್ಯೋ ಅಮ್ಮ, ಸೋ ಓಲ್ಡ್-ಫ್ಯಾಷನ್ಡ್. ಅವರ ಮನೇಲಿ ನಗ್ತಾರೆ. ನನಗೆ ಒಂದು ಟೀ ಸೆಟ್ ಕೊಡ್ಸು," ಅಂದೆ. ಅಮ್ಮ ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಒಳಗಿಟ್ಟಳು. ನನಗೆ ಗುಲಾಬಿ ಹೂವಿನ ಟೀ ಸೆಟ್ ಬಂತು. ಐದು ವರ್ಷದ ಮೇಲೆ ಗೊಂಬೆ ತಂಗಿಯ ಪಾಲಾಯಿತು.

ಟೆಕ್ಸಸ್‌ಗೆ ಬಂದ ಮೇಲೆ ಕಾಲ ತಿರುಗಿತು. ಇಲ್ಲಿ ಗೊಂಬೆ ಕೂರಿಸುವುದೇ ದೊಡ್ಡ ಸಂಗತಿ. ಯಾರ ಮನೆಯಲ್ಲಿ ಹಳೆಯ ಪಟ್ಟದ ಗೊಂಬೆ ಇದೆಯೋ ಅವರ ಮನೆಯಲ್ಲಿ ಫೋಟೋಗೆ ಕ್ಯೂ. ನಾನು ಅಂಗಡಿಯಿಂದ ತಂದ ಬಣ್ಣದ ರಾಜರಾಣಿಯನ್ನು ಮುಂದಿಟ್ಟುಕೊಂಡು, ತಂಗಿಯದು ಬರೀ ಹೊನ್ನೆಮರಕ್ಕೆ ಬಣ್ಣ ಹಚ್ಚಿದ್ದು ಎಂದು ನಾಲ್ಕು ಜನರ ಮುಂದೆ ಹೇಳಿದ್ದೂ ಉಂಟು. ಅವಳು ಬೋಟಿಗೆ ಹೋದ ಮೇಲೆ ನನಗೊಂದು ನೆಪ ಸಿಕ್ಕಿತು. ತೇವದಲ್ಲಿ ಮರ ಹಾಳಾಗುತ್ತದೆ, ಅಲ್ಲಾಡುವ ಕಡೆ ಪಟ್ಟದ ಗೊಂಬೆ ಇಡಬಾರದು, ತೇವವಿಲ್ಲದ ಗಟ್ಟಿ ಮನೆ ನನ್ನದು. ಕೇಳಿಯೇಬಿಡುವುದೆಂದು ತೀರ್ಮಾನಿಸಿದೆ.

ಆ ವರ್ಷ ನವರಾತ್ರಿಯ ಶುಕ್ರವಾರ ಮಗಳಿಗೆ ಆಸ್ಟಿನ್‌ನಲ್ಲಿ ಕೆಲಸವಿತ್ತು. ನನ್ನನ್ನು ತಂಗಿಯ ಹತ್ತಿರ ಬಿಟ್ಟು ಭಾನುವಾರ ವಾಪಸು ಕರೆದುಕೊಂಡು ಹೋಗುವುದೆಂದಾಯಿತು. ದಾರಿಯುದ್ದಕ್ಕೂ ನಾನು ಸುಮ್ಮನಿದ್ದುದನ್ನು ನೋಡಿ ಅವಳಿಗೆ ಅನುಮಾನ ಬಂತು.

"ಅಮ್ಮ, ಗೊಂಬೆ ವಿಷಯ ತೆಗೀಬೇಡ. ಪ್ಲೀಸ್."

"ನಾನ್ಯಾಕೆ ತೆಗೀಲಿ. ಜಸ್ಟ್ ವಿಸಿಟಿಂಗ್."

"ಹಾಗಾದ್ರೆ ಡಿಕ್ಕಿಯಲ್ಲಿ ಆ ಖಾಲಿ ಪೆಟ್ಟಿಗೆ, ಅಷ್ಟೊಂದು ಹಳೇ ಟವಲ್ಲು ಯಾಕೆ?"

ನಾನು ಕಿಟಕಿಯ ಹೊರಗೆ ನೋಡಿದೆ.

ನೀರು ಆ ವರ್ಷ ಬಹಳ ಇಳಿದಿತ್ತು. ನೀರು ಇಳಿದರೆ ದಡ ಹಿಂದೆ ಉಳಿಯುತ್ತದೆ. ಆಗ ಇಡೀ ಹಳ್ಳಿಯನ್ನು, ಬೋಟು, ಬೀದಿ, ದೀಪದ ಕಂಬ ಎಲ್ಲ ಸಮೇತ, ಆಳದ ಕಡೆಗೆ ಎಳೆದು ಮತ್ತೆ ಲಂಗರು ಹಾಕುತ್ತಾರೆ. ಅವರೆಲ್ಲ ಸೇರಿ ಎಳೆಯುತ್ತಿದ್ದ ಹಗ್ಗ ಅದೇ. ಊರೇ ಎದ್ದು ಮುಂದೆ ಹೋಗಿ ಕೂತರೂ ಯಾರ ಎದುರುಮನೆಯೂ ಬದಲಾಗುತ್ತಿರಲಿಲ್ಲ. ಟಪಾಲು ಪೆಟ್ಟಿಗೆಗಳು ಮಾತ್ರ ದಡದ ಮೇಲೆ ಸಾಲಾಗಿ ನಿಂತಿದ್ದವು. ಅಲ್ಲಿಂದ ಇಳಿಜಾರಿನಲ್ಲಿ ಗಾಲ್ಫ್ ಗಾಡಿ, ಆಮೇಲೆ ಉದ್ದನೆಯ ಸೇತುವೆ. ಕಾಲಿಟ್ಟ ಕೂಡಲೇ ನೆಲ ಮೆತ್ತಗೆ ಕೆಳಗೆ ಹೋಗಿ ಮೇಲೆ ಬಂತು. ನಾನು ಮಗಳ ಕೈ ಹಿಡಿದೆ.

ತಂಗಿ ಸೇತುವೆಯ ಆ ತುದಿಯಲ್ಲಿ ನಿಂತಿದ್ದಳು. ಕಾಟನ್ ಸೀರೆ, ಕಾಲಿಗೆ ರಬ್ಬರಿನ ಚಪ್ಪಲಿ, ತಲೆಗೆ ಗಂಡನ ಟೋಪಿ. ಬಿಸಿಲಿಗೆ ಕಪ್ಪಾಗಿದ್ದಳು. ನನಗಿಂತ ಐದು ವರ್ಷ ಚಿಕ್ಕವಳು, ಹದಿನೈದು ವರ್ಷ ಚಿಕ್ಕವಳ ಹಾಗೆ ಕಂಡಳು.

"ಬಾ ಅಕ್ಕ, ಬಲಗಾಲಿಟ್ಟು ಬಾ. ಎಡಗಾಲಿಟ್ರೆ ನೀರಿಗೆ ಹೋಗ್ತೀಯ," ಅಂದಳು.

ಬೋಟು ಎಂದರೆ ಒಂದು ಹಾಲು, ಗೋಡೆಗೆ ಅಂಟಿಸಿದಂತೆ ಅಡುಗೆಮನೆ, ಹಿಂದೆ ಒಂದು ಮಲಗುವ ಕೋಣೆ. ನನ್ನ ಮಗಳ ಬಟ್ಟೆ ಇಡುವ ಕ್ಲಾಸೆಟ್ಟೇ ಇದಕ್ಕಿಂತ ದೊಡ್ಡದು. ಡೆಕ್ಕಿನ ಮೇಲೆ ತುಳಸಿ, ಕರಿಬೇವಿನ ಕುಂಡ. ಮೂಲೆಯಲ್ಲಿ ಐದು ಮೆಟ್ಟಿಲು ಕಟ್ಟಿ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸಿದ್ದಳು. ಸಣ್ಣ ಗೊಂಬೆಗಳ ಅಡಿಗೆಲ್ಲ ಮೇಣ. ಮೇಲೆ ರಾಜ ಮತ್ತು ರಾಣಿ. ರಾಜನ ಸೊಂಟಕ್ಕೆ, ರೇಷ್ಮೆಯ ಪಂಚೆಯ ಮೇಲೆ, ಕಣ್ಣಿಗೆ ಕಾಣಿಸದಷ್ಟು ತೆಳುವಾದ ಗಾಳದ ದಾರ ಬಿಗಿದು ಹಿಂದಿನ ಮೊಳೆಗೆ ಕಟ್ಟಿದ್ದಳು. ರಾಣಿಗೂ ಹಾಗೇ.

"ರಾಜನಿಗೆ ಸೀಟ್ ಬೆಲ್ಟ್. ಇವರು ಕಲಿಸಿಕೊಟ್ಟ ಗಂಟು. ಐದು ಕೆಜಿ ಮೀನು ಎಳೆದ್ರೂ ಬಿಚ್ಚಲ್ಲ," ಅಂದಳು. ಇವರು ಎಂದರೆ ಗಂಡ. ಹೋಗಿ ಮೂರು ವರ್ಷವಾಗಿದ್ದರೂ ಪಕ್ಕದ ಕೋಣೆಯಲ್ಲಿ ಇರುವವರ ಬಗ್ಗೆ ಹೇಳುವ ಹಾಗೆಯೇ ಹೇಳುತ್ತಿದ್ದಳು.

ಸಂಜೆ ಐದಕ್ಕೆ ಹೊರಗೆ ಕೀಲುಗಳು ಕಿರ್ರ್ ಎಂದವು. ಯಾರೋ ನಡೆದು ಬರುತ್ತಿದ್ದರು. ಆಮೇಲೆ ಒಂದು ಗೊಗ್ಗರು ಗಂಟಲು, ಅಮೆರಿಕನ್ ಉಚ್ಚಾರದಲ್ಲಿ:

"ಗೊಂಬೇ ಕೂರ್ಸಿದೀರಾ?"

ನನ್ನ ಕೈಯಲ್ಲಿದ್ದ ಲೋಟ ಅಲ್ಲಿಯೇ ನಿಂತಿತು. ಮೈಸೂರಿನಲ್ಲಿ ನಾವಿಬ್ಬರೂ ಲಂಗ ಎತ್ತಿಕೊಂಡು ಮನೆಮನೆಗೆ ಓಡುತ್ತಾ ಕೂಗುತ್ತಿದ್ದ ಕೂಗು ಅದು. ಕೂಗಿದರೆ ಆ ಮನೆಯವರು ಗೊಂಬೆ ತೋರಿಸಿ, ಕೈಗೆ ಚರ್ಪು ಹಾಕುತ್ತಿದ್ದರು. ಚರ್ಪು ಅಂದರೆ ಆ ದಿನ ಮಾಡಿದ ತಿಂಡಿ. ನಾನು ಮುಂದೆ, ಅವಳು ನನ್ನ ಲಂಗ ಹಿಡಿದು ಹಿಂದೆ. ಕೂಗುತ್ತಿದ್ದವಳು ನಾನು. ಅವಳಿಗೆ ಆಗ ನಾಚಿಕೆ.

ಬಂದವನು ಹನ್ನೊಂದನೇ ಬೋಟಿನ ಮುದುಕ. ಬಿಳಿ ಗಡ್ಡ, ಚಡ್ಡಿ, ನಲವತ್ತು ವರ್ಷ ಲಾರಿ ಓಡಿಸಿದ ದಪ್ಪ ತೋಳು. ಹಿಂದೆಯೇ ಎದುರು ಬೋಟಿನ ಹೆಂಗಸು, ರಿಟೈರ್ ಆದ ನರ್ಸು, ಕಂಕುಳಲ್ಲಿ ನಾಯಿ. ಆಮೇಲೆ ಮತ್ತೂ ಏಳೆಂಟು ಜನ. ಚಪ್ಪಲಿಯನ್ನು ಡೆಕ್ಕಿನ ಮೇಲೇ ಬಿಟ್ಟು ಒಳಗೆ ಬಂದು, ಗೊಂಬೆಗೆ ಕೈ ಮುಗಿದು, ಅಂಗೈ ಚಾಚಿದರು. ತಂಗಿ ಕಡಲೆಕಾಳು ಉಸಲಿಯನ್ನು ಒಬ್ಬೊಬ್ಬರ ಅಂಗೈಗೆ ಹಾಕಿದಳು. ಮರ್ಫಿಯಲ್ಲಿ ನಮ್ಮ ಮನೆಗೆ ಬರುವವರಿಗೆ ಮಗಳು ಫೋನಿನಲ್ಲಿ ಟೈಮ್ ಸ್ಲಾಟ್ ಕಳಿಸುತ್ತಾಳೆ, ನಾಲ್ಕರಿಂದ ನಾಲ್ಕೂವರೆ ಒಂದು ಬ್ಯಾಚು. ಬಂದವರು ಫೋಟೋ ತೆಗೆದುಕೊಂಡು ಇನ್ನೊಬ್ಬರ ಸ್ಲಾಟಿಗೆ ಓಡುತ್ತಾರೆ.

ಮುದುಕ ನನ್ನ ಕಡೆ ತಿರುಗಿ, ಗೊಂಬೆಗಳಿಗೆ ಮೊದಲು ಕೂಗು ಹಾಕುತ್ತಿದ್ದ ಅಕ್ಕ ನೀವೇ ತಾನೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಂದರೆ ಅವಳು ಹೇಳಿದ್ದಳು. ನನ್ನ ಕೂಗನ್ನು ತೆಗೆದು, ನನ್ನದೆಂದು ಹೇಳಿಯೇ, ಇವರಿಗೆಲ್ಲ ಹಂಚಿಬಿಟ್ಟಿದ್ದಳು. ನಾನು "ಯೆಸ್" ಅಂದೆ.

ಅವರು ಹೋದ ಮೇಲೆ, ಪಾತ್ರೆ ಒರೆಸುತ್ತಾ, ಕೇಳಿಯೇಬಿಟ್ಟೆ.

"ಈ ಪಟ್ಟದ ಗೊಂಬೆ ನನಗೆ ಕೊಡು. ಇಲ್ಲಿ ತೇವ. ಅಲ್ಲಾಡುತ್ತೆ. ನನ್ನ ಮನೇಲಿ ಸೇಫಾಗಿರುತ್ತೆ."

ತಂಗಿ ನಕ್ಕಳು. "ಪೆಟ್ಟಿಗೆ ತಂದಿದೀಯಾ?"

"ನಿನಗೆ ಯಾರು ಹೇಳಿದ್ದು?"

"ನಿನ್ನ ಮಗಳು ಮೆಸೇಜ್ ಮಾಡಿದ್ಲು. ಅದಿರ್ಲಿ, ಟೀ ಸೆಟ್ ಕೊಡ್ತೀಯಾ? ಅದ್ಲಾ ಬದ್ಲಾ ಮಾಡೋಣ."

"ಅದರಲ್ಲಿ ಎರಡು ಕಪ್ಪು, ಒಂದು ಮುಚ್ಚಳ ಉಳಿದಿದೆ."

"ನೋಡಿದ್ಯಾ. ಗಟ್ಟಿ ನೆಲದ ಮೇಲೇ ಅಷ್ಟು ಸೇಫು." ಆಮೇಲೆ ನಗು ನಿಲ್ಲಿಸಿ ಅಂದಳು, "ಕೂತಿರೋ ಗೊಂಬೆ ಎತ್ತಬಾರದು. ದಶಮಿ ಆಗ್ಲಿ, ಮಲಗಿಸಿದ ಮೇಲೆ ಮಾತಾಡೋಣ."

ಬೆಳಗಾದರೆ ಶನಿವಾರ. ತಂಗಿ ತರಕಾರಿ ತರಲು ಮುದುಕನ ಗಾಡಿಯಲ್ಲಿ ದಡಕ್ಕೆ ಹೋದಳು. ನಾನು ಒಬ್ಬಳೇ. ಎದುರಿಗೆ ರಾಜ ರಾಣಿ. ಅಷ್ಟು ವರ್ಷಗಳಿಂದ ನನ್ನೊಳಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ನನ್ನ ಮುಂದೆ ತಂದಿಡುವ ಮೊದಲು ಅಮ್ಮ ಅಡಿಯಲ್ಲಿ ನನ್ನ ಅಕ್ಷರ ಕೊರೆದಿದ್ದಳೇ? ಕೊರೆದು, ಆಮೇಲೆ ಕೆರೆದು ಅಳಿಸಿ, ತಂಗಿಯದನ್ನು ಹಾಕಿದಳೇ? ಒಂದು ಸಲ ನೋಡಿದರೆ ಸಾಕು.

ಗಂಟು ನಿಜವಾಗಿಯೂ ಬಿಗಿಯಾಗಿತ್ತು. ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಬಿಚ್ಚಿದ ದಾರವನ್ನು ಕೈ ತಾನಾಗಿಯೇ ಸುತ್ತಿ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟಿತು. ರಾಜನನ್ನು ಎತ್ತಿದೆ. ಎಷ್ಟು ಭಾರ. ಒಳಗೆ ಬೆಳಕು ಸಾಲದು, ಡೆಕ್ಕಿಗೆ ತಂದೆ. ಕನ್ನಡಕ ಒಳಗೇ ಉಳಿದಿತ್ತು. ರೇಲಿಂಗಿನ ಹತ್ತಿರ, ಬಿಸಿಲಿಗೆ ಅಡಿಯನ್ನು ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಮೂರು ಗುರುತುಗಳಿರುವುದು ಬೆರಳಿಗೆ ಗೊತ್ತಾಯಿತು, ಕಣ್ಣಿಗೆ ಸಿಗಲಿಲ್ಲ.

ದೂರದಲ್ಲಿ ಒಂದು ಸ್ಪೀಡ್‌ಬೋಟು ತಿರುವು ತೆಗೆದುಕೊಂಡು ಹೋಯಿತು. ಅದು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಅದರ ಅಲೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೀದಿ ಕಿರ್ರ್ ಎಂದಿತು. ನೆಲ ಒಂದು ಪಕ್ಕಕ್ಕೆ ವಾಲಿತು. ನಾನು ಎರಡೂ ಕೈಯಿಂದ ರೇಲಿಂಗು ಹಿಡಿದೆ.

ಎರಡೂ ಕೈಯಿಂದ.

ರಾಜ ತೇಲಲಿಲ್ಲ. ಒಂದು ಕ್ಷಣವೂ ಮೇಲೆ ನಿಲ್ಲಲಿಲ್ಲ. ರೇಷ್ಮೆಯ ಪಂಚೆಯ ಜರಿ ಹಸಿರು ನೀರಿನಲ್ಲಿ ಒಮ್ಮೆ ಮಿನುಗಿತು, ಅಷ್ಟೆ. ಅಮ್ಮ ಹೇಳಿದ್ದು ನಿಜವಾಗಿತ್ತು.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ: ಆ ನೀರನ್ನು ನೋಡುತ್ತಾ ನಿಂತಾಗ ನನಗೆ ಮೊದಲು ಬಂದದ್ದು ದುಃಖವಲ್ಲ. ಇನ್ನು ಅವಳ ಹತ್ತಿರವೂ ಇಲ್ಲ, ಎಂಬ ತಣ್ಣನೆಯ ಒಂದು ನೆಮ್ಮದಿ. ದುಃಖ ಬಂದದ್ದು ಅದರ ಹಿಂದೆ, ಆ ಅಲೆಯ ಹಾಗೇ, ತಡವಾಗಿ.

ತಂಗಿ ಬಂದಳು. ನಾನು ಹೇಳಿದ್ದು ಹೀಗೆ: "ದೊಡ್ಡ ಅಲೆ ಬಂತು ಕಣೆ. ಬಾಗಿಲು ತೆಗೆದಿತ್ತು. ರಾಜ ಮೇಲಿಂದ ಉರುಳಿ ಹೊರಗೆ ಹೋಗಿ ಬಿದ್ದ. ನಿನ್ನ ಗಂಟು ಸಡಿಲ ಇತ್ತೇನೋ."

ಅವಳು ಮೆಟ್ಟಿಲುಗಳ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ಬೆನ್ನು ನನ್ನ ಕಡೆಗಿತ್ತು. ಆಮೇಲೆ, "ಸಡಿಲ ಇತ್ತಾ," ಅಂದಳು. ನನ್ನನ್ನು ಕೇಳಿದ ಹಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಇಡೀ ಹಳ್ಳಿ ನಮ್ಮ ಡೆಕ್ಕಿನ ಮೇಲಿತ್ತು. ನೀರಿನಲ್ಲಿ ಮುಳುಗಿ ಹುಡುಕುವುದು ಗೊತ್ತಿದ್ದ ಇಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿದರು. ಕೆಳಗೆ ಮೂವತ್ತು ಅಡಿ ಆಳ, ಕೆಸರು, ಅಣೆಕಟ್ಟು ಕಟ್ಟುವ ಮುಂಚಿನ ಮರಗಳ ಬೊಡ್ಡೆ. ಮಧ್ಯಾಹ್ನದವರೆಗೆ ಮೂರು ತಂಪು ಕನ್ನಡಕ, ಒಂದು ಮಡಚುವ ಕುರ್ಚಿ, ಒಂದು ಬಾಣಲೆ ಮೇಲೆ ಬಂದವು. ಬಾಣಲೆ ಎರಡು ವರ್ಷದ ಹಿಂದೆ ಕಳೆದುಹೋದ ತನ್ನದೆಂದು ನರ್ಸ್ ಹೆಂಗಸು ಗುರುತು ಹಿಡಿದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ರಾಜ ಬರಲಿಲ್ಲ.

ಸಂಜೆ ಮತ್ತೆ ಅದೇ ಕೂಗು, ಅದೇ ಜನ. ತಂಗಿ ರಾಣಿಯನ್ನು ಮೇಲಿನ ಮೆಟ್ಟಿಲ ನಡುವಿಗೆ ಸರಿಸಿದ್ದಳು. "ಈಗ ನನ್ನ ಜೊತೆಯವಳಾದ್ಲು," ಅಂದಳು. ಹೊಸ ದಾರ ತಂದು, ಗಂಟು ಹಾಕಿ, ಎಳೆದು ನೋಡಿ, ಬಿಚ್ಚಿ, ಮತ್ತೆ ಹಾಕಿದಳು. ಹತ್ತು ಸಲವಾದರೂ ಹಾಕಿರಬೇಕು. ಅವಳ ಗಂಡ ಕಲಿಸಿದ ಗಂಟು. ನಾನು ಸೋಫಾದಲ್ಲಿ ಕೂತು ನೋಡುತ್ತಿದ್ದೆ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಭಾನುವಾರ ಖಾಲಿ ಪೆಟ್ಟಿಗೆಯೊಂದಿಗೆ ಮರ್ಫಿಗೆ ವಾಪಸಾದೆ.

ಮುಂದಿನ ಬೇಸಿಗೆಯಲ್ಲಿ ನೀರು ಇನ್ನೂ ಇಳಿಯಿತು. ಹಳ್ಳಿಯನ್ನು ಮತ್ತೆ ಆಳಕ್ಕೆ ಎಳೆದರು. ಮೊದಲು ತಂಗಿಯ ಬೋಟು ನಿಂತಿದ್ದ ಕಡೆ ನೀರು ಎದೆಮಟ್ಟಕ್ಕೆ ಬಂದು, ಆಮೇಲೆ ಅಂಚಿನಲ್ಲಿ ಕೆಸರು ಕಾಣಿಸಿಕೊಂಡಿತು. ಹನ್ನೊಂದನೇ ಬೋಟಿನ ಮುದುಕ ದಿನಾ ಬೆಳಗ್ಗೆ ಒಂದು ಕೋಲು ಹಿಡಿದು ಆ ಕೆಸರಿನಲ್ಲಿ ಕುಕ್ಕುತ್ತಾ ಓಡಾಡುತ್ತಿದ್ದನಂತೆ. ತಂಗಿ ಫೋಟೋ ಕಳಿಸುತ್ತಿದ್ದಳು: ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಕೋಲು, ಹಲ್ಲು ಬಿಟ್ಟ ಮುದುಕ. "ಇವತ್ತೂ ಇಲ್ಲ ಅಕ್ಕ." ನಾನು ಆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ನನ್ನದೇನಾದರೂ ಕಳೆದರೆ, ಮರ್ಫಿಯ ನಮ್ಮ ಬೀದಿಯಲ್ಲಿ ಒಬ್ಬರಾದರೂ ಚಪ್ಪಲಿ ಬಿಟ್ಟು ಕೆಸರಿಗೆ ಇಳಿಯುತ್ತಾರೆಯೇ? ಸಿಗದ ರಾಜನನ್ನು ಹುಡುಕುವ ಆ ಮುದುಕನ ಕೋಲಿನ ಮೇಲೂ ನನಗೆ ಅಸೂಯೆ. ಅವನು ಕುಕ್ಕುತ್ತಿದ್ದುದು ನನ್ನ ಸುಳ್ಳನ್ನೇ ಎಂದು ಗೊತ್ತಿದ್ದೂ.

ಅದರ ನಂತರದ ಚಳಿಗಾಲದಲ್ಲಿ ತಂಗಿಗೆ ಕಾಯಿಲೆ ಬಂತು. ಚಿಕಿತ್ಸೆಗೆ ಅನುಕೂಲವೆಂದು ಅವಳ ಮಗ ಬಂದು ಅವಳನ್ನು ಹ್ಯೂಸ್ಟನ್‌ನ ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದ. ವಸಂತದ ಹೊತ್ತಿಗೆ ಡಾಕ್ಟರುಗಳು ಮಾತು ಕಡಿಮೆ ಮಾಡಿದ್ದರು. ನನ್ನ ಮಗಳು ರಜ ಹಾಕಿ ನನ್ನನ್ನು ಕರೆದುಕೊಂಡು ಹೋದಳು. ಹ್ಯೂಸ್ಟನ್‌ವರೆಗೆ ನಾಲ್ಕು ಗಂಟೆಯ ಮೇಲಿನ ದಾರಿ. ಈ ಸಲ ಡಿಕ್ಕಿಯಲ್ಲಿ ಪೆಟ್ಟಿಗೆ ಇರಲಿಲ್ಲ. ಹೇಳಬೇಕಾದ ಒಂದೇ ವಾಕ್ಯವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮನಸ್ಸಿನಲ್ಲಿ ಉರು ಹೊಡೆಯುತ್ತಾ ಹೋದೆ.

ಹನ್ನೆರಡನೇ ಮಹಡಿ. ಕಿಟಕಿಯ ಪಕ್ಕ ಹಾಸಿಗೆ. ಎದುರು ಬೋಟಿನ ನರ್ಸ್ ಹೆಂಗಸು ಅಲ್ಲೇ ಇದ್ದಳು. ವಾರಕ್ಕೊಂದು ಸಲ ಸರೋವರದಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಳಂತೆ. ನನ್ನನ್ನು ನೋಡಿ ಕಾಫಿಯ ನೆಪ ಹೇಳಿ ಹೊರಗೆ ಹೋದಳು. ಮಗಳೂ ಅವಳ ಹಿಂದೆ ಹೋದಳು.

ತಂಗಿ ಬೆಳ್ಳಗಾಗಿದ್ದಳು. "ಇಲ್ಲಿ ನಿದ್ದೆ ಬರಲ್ಲ ಅಕ್ಕ. ನೆಲ ಅಲ್ಲಾಡೋದೇ ಇಲ್ಲ," ಅಂದಳು.

ನಾನು ಕುರ್ಚಿ ಎಳೆದುಕೊಂಡು ಕೂತು ಹೇಳಿದೆ. "ರಾಜ ತಾನಾಗಿ ಬೀಳಲಿಲ್ಲ. ಗಂಟು ಬಿಚ್ಚಿದ್ದು ನಾನು. ಹೊರಗೆ ತಗೊಂಡು ಹೋಗಿದ್ದೂ ನಾನು. ನಿನ್ನ ಗಂಟು ಗಟ್ಟಿಯಾಗಿತ್ತು."

ಅವಳು ದಿಂಬಿನ ಪಕ್ಕದ ಸಣ್ಣ ಚೀಲದೊಳಗೆ ಕೈ ಹಾಕಿ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಗಾಳದ ದಾರದ ಸಣ್ಣ ಸುರುಳಿ. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆಯ ಎಳೆಯನ್ನು ಆ ಎಂಟರ ನಡುವಿಗೆ ಮೂರು ಸುತ್ತು ಸುತ್ತಿ ಸಿಕ್ಕಿಸಿದ್ದು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮಗೆ ಹಾಗೆ ಸುತ್ತಲು ಕಲಿಸಿದ್ದರು. ದಾರವನ್ನು ಬಿಡಿಯಾಗಿ ಬಿಟ್ಟು ಎದ್ದರೆ ಬೆರಳ ಗೆಣ್ಣಿಗೆ ಸ್ಕೇಲಿನ ಏಟು. ಅರವತ್ತು ವರ್ಷದಿಂದ ನನ್ನ ಕೈ ಬೇರೆ ಥರ ಸುತ್ತಿದ್ದೇ ಇಲ್ಲ.

"ಬೀಳೋ ಗೊಂಬೆ ದಾರ ಸುತ್ತಿಟ್ಟು ಬೀಳುತ್ತಾ ಅಕ್ಕ? ಅದೂ ಕಾನ್ವೆಂಟ್ ಸುತ್ತು," ಅಂದಳು. "ನನಗೆ ಕಲಿಸಿಕೊಡು ಅಂತ ಎಷ್ಟು ಸಲ ಕೇಳಿದ್ದೆ ನೆನಪಿದ್ಯಾ? ನೀನು, ನಿಮ್ಮ ಶಾಲೆಯವರಿಗೆ ಇದೆಲ್ಲ ಬರಲ್ಲ ಅಂದಿದ್ದೆ."

"ಆವತ್ತೇ ಗೊತ್ತಾಯ್ತಾ?"

"ಆವತ್ತೇ. ನಿಂಗೆ ಬೆನ್ನು ಹಾಕಿ ನಿಂತಿದ್ನಲ್ಲ, ಆಗ."

"ಮತ್ತೆ ಆ ಮುದುಕನ್ನ ಅಷ್ಟು ದಿನ ಕೆಸರಲ್ಲಿ ಓಡಾಡ್ಸಿದ್ದು?"

"ರಾಜ ಅಲ್ಲಿ ಇದ್ದಿದ್ದಂತೂ ನಿಜ ತಾನೇ. ಫೋಟೋ ನಿನಗೆ ಬೇಕೂಂತ್ಲೇ ಕಳಿಸ್ತಿದ್ದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಅಡಿ ನೋಡಕ್ಕೆ ತಾನೇ ಎತ್ತಿದ್ದು?"

ಹೌದೆಂದು ತಲೆಯಾಡಿಸಿದೆ. "ಕಾಣಿಸಲಿಲ್ಲ."

"ಅಜ್ಜೀದು, ಅಮ್ಮಂದು, ನಿಂದು. ನಂದು ರಾಣಿಯ ಅಡೀಲಿದೆ."

ಅರ್ಥವಾಗಲು ನನಗೆ ಹೊತ್ತು ಹಿಡಿಯಿತು. ಟೀ ಸೆಟ್ ಕೇಳಿದವಳ ಅಕ್ಷರವನ್ನೂ ಅಮ್ಮ ಅಳಿಸಿರಲಿಲ್ಲ. ರಾಜ ಅಷ್ಟು ವರ್ಷವೂ ನನ್ನವನಾಗಿಯೇ ಅವಳ ಮನೆಯಲ್ಲಿ ಕೂತಿದ್ದ.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಕೊಡಬೇಕಾಗ್ತಿತ್ತಲ್ಲ," ಅಂದಳು. ಮುಖದಲ್ಲಿ ಕಳ್ಳನಗೆ. "ಹೊಟ್ಟೆಕಿಚ್ಚು ನಿನ್ನೊಬ್ಬಳ ಆಸ್ತಿ ಅಂದ್ಕೊಂಡ್ಯಾ? ನಿಂಗೆ ಕಾನ್ವೆಂಟ್ ಇತ್ತು. ನನಗೆ ಅದಾದ್ರೂ ಇರ್ಲಿ ಅಂತ."

ಆಗಲೂ ನನ್ನ ಕಣ್ಣು ಕೋಣೆಯಲ್ಲಿ ರಾಣಿಗಾಗಿ ಹುಡುಕುತ್ತಿತ್ತು. ಅವಳಿಗೆ ಅದೂ ಗೊತ್ತಾಯಿತು.

"ಇಲ್ಲಿಲ್ಲ. ಹನ್ನೊಂದನೇ ಬೋಟಿಗೆ ಕೊಟ್ಟೆ. ರಾಜ ಅಲ್ಲೇ ಕೆಳಗಿದಾನೆ, ಇವಳೂ ಅಲ್ಲೇ ಇರ್ಲಿ. ಪ್ರತಿ ವರ್ಷ ಕೂರಿಸ್ತೀನಿ ಅಂತ ಮುದುಕ ಮಾತು ಕೊಟ್ಟಿದಾನೆ. ಉಸಲಿ ಮಾಡೋದೂ ಬರೆದುಕೊಟ್ಟಿದೀನಿ. ಹೋಗಿ ನೋಡ್ಕೊಂಡು ಬಾ. ಕೂಗು ಹಾಕಿ ಒಳಗೆ ಹೋಗು, ಹಂಗೇ ಹೋಗ್ಬೇಡ."

ಕೋಪ ಬಂತು. ಬರಬಾರದಿತ್ತು, ಆದರೂ ಬಂತು. ಅಮ್ಮನ ಗೊಂಬೆ, ಚಡ್ಡಿ ಹಾಕಿದ ಲಾರಿ ಮುದುಕನಿಗೆ. ಆದರೆ ಅಂಗೈಯಲ್ಲಿ ಆ ಸುರುಳಿ ಇತ್ತು. ಬೆರಳು ಮುಚ್ಚಿಕೊಂಡೆ.

ನರ್ಸ್ ಹೆಂಗಸು ವಾಪಸು ಬಂದು, ಬಾಚಣಿಗೆ ತೆಗೆದುಕೊಂಡು, ತಂಗಿಯ ಹಿಂದೆ ಹಾಸಿಗೆಯ ಮೇಲೆ ಕೂತಳು. ಉಳಿದಿದ್ದ ಸ್ವಲ್ಪ ಕೂದಲನ್ನು ಮೆಲ್ಲಗೆ ಬಾಚತೊಡಗಿದಳು. ಚಿಕ್ಕಂದಿನಲ್ಲಿ ಆ ತಲೆಗೆ ಎರಡು ಜಡೆ ಹಾಕುತ್ತಿದ್ದವಳು ನಾನು, ಬಿಗಿಯಾಯಿತೆಂದು ಅವಳು ಅಳುತ್ತಿದ್ದಳು. ಬಾಚಣಿಗೆ ಇಲ್ಲಿ ಕೊಡಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮಗಳು ಬಾಗಿಲಲ್ಲಿ ನಿಂತು ಟ್ರಾಫಿಕ್ ಶುರುವಾಗುತ್ತೆ ಅಮ್ಮ ಅಂದಳು.

ಬಾಗಿಲ ಹತ್ತಿರ ಹೋಗಿ ತಿರುಗಿ ನೋಡಿದೆ. ತಂಗಿ ಕಣ್ಣು ಮುಚ್ಚಿದ್ದಳು. ಬಾಚಣಿಗೆ ಎಳೆದಾಗಲೆಲ್ಲ ಅವಳ ತಲೆ ತುಸು ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತಿತ್ತು, ಡೆಕ್ಕಿನ ಮೇಲೆ ಕೂತವರ ಹಾಗೆ. ಕಣ್ಣು ತೆರೆಯದೆಯೇ, ನಾನು ಇನ್ನೂ ಅಲ್ಲೇ ನಿಂತಿದ್ದೇನೆಂದು ಗೊತ್ತಿದ್ದವಳಂತೆ, ಕೈಯನ್ನು ಹೊದಿಕೆಯ ಮೇಲಿಂದ ಸ್ವಲ್ಪ ಎತ್ತಿ ಅಂಗೈ ಚಾಚಿದಳು, ಚರ್ಪು ಕೇಳುವಾಗ ಚಾಚುತ್ತಿದ್ದ ಹಾಗೆ. ನನ್ನ ಕೈಯಲ್ಲಿ ದಾರದ ಹೊರತು ಏನೂ ಇರಲಿಲ್ಲ. ಮತ್ತೆ ನಾನು ಅವಳನ್ನು ನೋಡಲಿಲ್ಲ.